1128 ಸಹಿಗಳು: ಟರ್ಕಿಯಲ್ಲಿ ಮೇಷ್ಟ್ರುಗಳ ಬಾಯಿ ಮುಚ್ಚಿಸಿದ್ದು ಹೇಗೆ?

ಕಡಲತಡಿ:

ಸರ್ಕಾರ ಪ್ರಾಧ್ಯಾಪಕರನ್ನು ಹೆದರಿಸುತ್ತದೆ ಅಂದ ಕೂಡಲೇ ನಮಗೆ ನೆನಪಾಗುವುದು ಜೀಪು, ಬೇಡಿ, ಜೈಲು. ಟರ್ಕಿಯಲ್ಲಿ 2016ರಿಂದ ಆದದ್ದನ್ನು ಓದುತ್ತಾ ಹೋದಷ್ಟೂ ನನಗೆ ಬೇರೆಯೇ ಕಾಣುತ್ತಿದೆ. ಅಲ್ಲಿ ಒಂದು ಹೇಳಿಕೆಗೆ ಸಹಿ ಹಾಕಿದ ಮೇಷ್ಟ್ರುಗಳಲ್ಲಿ ವಾರಗಟ್ಟಲೆ ಜೈಲಿನಲ್ಲಿ ಕೂತವರು ಕಡಿಮೆ. ಸಾವಿರಾರು ಜನರ ಬದುಕು ಕೆಡಿಸಿದ್ದು ಕಾಗದ. ಗೆಜೆಟ್ಟಿನ ಪಟ್ಟಿಯಲ್ಲಿ ಒಂದು ಹೆಸರು, ರದ್ದಾದ ಪಾಸ್‌ಪೋರ್ಟ್, ವಿಮಾ ದಾಖಲೆಯಲ್ಲಿ ಒಂದು ಸಂಖ್ಯೆ, ಅಷ್ಟೇ. ಇದರ ಬಗ್ಗೆ ಇಲ್ಲಿ ಮಾತಾಡಬೇಕು ಅನ್ನಿಸಿತು.

ವಿಷಯ ಗೊತ್ತಿಲ್ಲದವರಿಗಾಗಿ ಸ್ವಲ್ಪ ಹಿನ್ನೆಲೆ. 2016ರ ಜನವರಿ 11ರಂದು 89 ವಿಶ್ವವಿದ್ಯಾಲಯಗಳ 1128 ಜನ ಸಹಿ ಹಾಕಿದ ಒಂದು ಹೇಳಿಕೆ ಹೊರಬಂತು. ‘ಈ ಅಪರಾಧದಲ್ಲಿ ನಾವು ಪಾಲುದಾರರಾಗುವುದಿಲ್ಲ’ ಅಂತ ಅದರ ತಲೆಬರಹ. ಸಹಿ ಹಾಕಿದವರನ್ನು ‘ಶಾಂತಿಗಾಗಿ ಪ್ರಾಧ್ಯಾಪಕರು’ ಅಂತ ಕರೆದರು. ದೇಶದ ಆಗ್ನೇಯ ಭಾಗದ ಕುರ್ದ್ ಪಟ್ಟಣಗಳಲ್ಲಿ ಕರ್ಫ್ಯೂ ಹಾಕಿ ಸೈನ್ಯ, ಪೊಲೀಸರು ನಡೆಸುತ್ತಿದ್ದ ಕಾರ್ಯಾಚರಣೆ ನಿಲ್ಲಲಿ, ಮಾತುಕತೆ ಮತ್ತೆ ಶುರುವಾಗಲಿ ಅನ್ನುವುದು ಅದರ ತಿರುಳು.

ಮಾರನೇ ದಿನ ಇಸ್ತಾಂಬುಲ್‌ನ ಸುಲ್ತಾನಹ್ಮೆತ್ ಚೌಕದಲ್ಲಿ ಬಾಂಬ್ ಸಿಡಿದು ವಿದೇಶಿ ಪ್ರವಾಸಿಗರು ಸತ್ತರು. ಅದೇ ದಿನ ಅಧ್ಯಕ್ಷ ಎರ್ದೊಆನ್ ಅಂಕಾರಾದಲ್ಲಿ ರಾಯಭಾರಿಗಳ ಸಮಾವೇಶದಲ್ಲಿ ಮಾತಾಡಿದರು. ಆ ಭಾಷಣದ ದೊಡ್ಡ ಪಾಲು ಹೋದದ್ದು ಸಹಿ ಹಾಕಿದವರನ್ನು ಬೈಯುವುದಕ್ಕೆ. ಮರುದಿನ ಸೆದಾತ್ ಪೆಕೆರ್ ಎಂಬ ಭೂಗತ ಲೋಕದ ಮನುಷ್ಯ ‘ನಿಮ್ಮ ರಕ್ತ ಹರಿಸಿ ಅದರಲ್ಲಿ ಸ್ನಾನ ಮಾಡುತ್ತೇವೆ’ ಅಂತ ಬಹಿರಂಗವಾಗಿ ಬರೆದ. ಕೆಲವು ಕಡೆ ಸಹಿ ಹಾಕಿದವರ ಕೋಣೆಯ ಬಾಗಿಲಿಗೆ ಕೆಂಪು ಗುರುತು ಬಿತ್ತು. ಇಷ್ಟಾದ ಮೇಲೂ ಜನ ಹಿಂದೆ ಸರಿಯಲಿಲ್ಲ. ಸಹಿಗಳು 2212ಕ್ಕೆ ಏರಿದವು. ಈ ಮಾತು ನನಗೆ ಬಹಳ ದೊಡ್ಡದು. ಮೊದಲ ಸಾವಿರ ಜನಕ್ಕೆ ಏನಾಗುತ್ತದೆ ಅಂತ ಗೊತ್ತಿರಲಿಲ್ಲ. ಆಮೇಲಿನ ಸಾವಿರ ಜನಕ್ಕೆ ಚೆನ್ನಾಗಿ ಗೊತ್ತಿತ್ತು.

ಮಾರ್ಚ್‌ನಲ್ಲಿ ನಾಲ್ವರು ಪತ್ರಿಕಾಗೋಷ್ಠಿ ನಡೆಸಿ ನಮ್ಮ ಮಾತಿಗೆ ನಾವು ಬದ್ಧ ಅಂದರು. ಮನಶ್ಶಾಸ್ತ್ರದ ಎಸ್ರಾ ಮುಂಗಾನ್, ಗಣಿತದ ಕವಾಂಚ್ ಎರ್ಸೊಯ್, ಮುಜಫ್ಫರ್ ಕಾಯಾ ಮೂವರನ್ನು ಜೈಲಿಗೆ ಹಾಕಿದರು. ನಾಲ್ಕನೆಯವರು ಮೆರಾಲ್ ಜಾಮ್ಜ. ಉಳಿದವರನ್ನು ಹಿಡಿಯುವ ಹೊತ್ತಿಗೆ ಅವರು ಫ್ರಾನ್ಸ್‌ನಲ್ಲಿದ್ದರು. ಬಂದರೆ ಹಿಡಿಯುತ್ತಾರೆ ಅಂತ ಗೊತ್ತಿದ್ದೂ ವಿಮಾನ ಹತ್ತಿ ಬಂದರು. ಹಿಡಿದರು. ಏಪ್ರಿಲ್ 22ರಂದು ಮೊದಲ ವಿಚಾರಣೆಯಲ್ಲಿ ನಾಲ್ವರೂ ಬಿಡುಗಡೆಯಾದರು.

ನಿಜವಾದ ಪೆಟ್ಟು ಬಿದ್ದದ್ದು ಆಮೇಲೆ. 2016ರ ಜುಲೈ 15ರಂದು ಸೈನ್ಯದ ಒಂದು ಭಾಗ ದಂಗೆಗೆ ಯತ್ನಿಸಿ ಸೋತಿತು. ತುರ್ತು ಪರಿಸ್ಥಿತಿ ಬಂತು, ಎರಡು ವರ್ಷ ಇತ್ತು. ದಂಗೆಗೂ ಈ ಸಹಿಗೂ ಯಾವ ಸಂಬಂಧವೂ ಇಲ್ಲ. ಆದರೂ ಸುಗ್ರೀವಾಜ್ಞೆಗಳ ಪಟ್ಟಿಯಲ್ಲಿ ಸಹಿ ಹಾಕಿದ 400ಕ್ಕೂ ಹೆಚ್ಚು ಜನರ ಹೆಸರು ಬಂತು. ಒಟ್ಟಾರೆ ಕೆಲಸ ಕಳೆದುಕೊಂಡ ಪ್ರಾಧ್ಯಾಪಕರು 6 ಸಾವಿರಕ್ಕೂ ಜಾಸ್ತಿ.

ನೋಟಿಸ್ ಇಲ್ಲ. ಇಲಾಖಾ ವಿಚಾರಣೆ ಇಲ್ಲ. ರಾತ್ರಿ ಗೆಜೆಟ್ ಬರುತ್ತದೆ, ಅದರ ಕೊನೆಯಲ್ಲಿ ಹೆಸರುಗಳ ಪಟ್ಟಿ ಇರುತ್ತದೆ. ಜನ ಮಲಗದೆ ಕೂತು ತಮ್ಮ ಹೆಸರು ಹುಡುಕುತ್ತಿದ್ದರು. ಹೆಸರು ಸಿಕ್ಕರೆ ಸರ್ಕಾರಿ ಕೆಲಸ ಜೀವಮಾನಕ್ಕೆ ಮುಗಿಯಿತು, ಪಾಸ್‌ಪೋರ್ಟ್ ರದ್ದು. ಅವರೇ ಇದನ್ನು ‘ನಾಗರಿಕ ಸಾವು’ ಅಂತ ಕರೆದರು.

ನನ್ನ ಮಾತು ಇಷ್ಟು. ಜೈಲಿಗೆ ಹಾಕಿದರೆ ಲೋಕ ನೋಡುತ್ತದೆ, ಹೆಸರು ಹಿಡಿದು ಕೂಗುತ್ತದೆ. ಕಾಗದದ ಏಟು ಯಾರಿಗೂ ಕಾಣುವುದಿಲ್ಲ. ಅದಕ್ಕೇ ಅದು ಹೆಚ್ಚು ಕೆಲಸ ಮಾಡುತ್ತದೆ. ನಿಮಗೇನನ್ನಿಸುತ್ತದೆ?

ಹಳೇಮೇಷ್ಟ್ರು:

ಒಳ್ಳೇ ವಿಷಯ ಎತ್ತಿದ್ದೀರಿ. ನಾನು ಕೆಲಸಕ್ಕೆ ಸೇರಿದ ಹೊಸದರಲ್ಲಿ ನಮ್ಮಲ್ಲೂ ತುರ್ತು ಪರಿಸ್ಥಿತಿ ಇತ್ತು. ಸ್ಟಾಫ್ ರೂಮಿನಲ್ಲಿ ಯಾರೂ ಯಾರಿಗೂ ಏನೂ ಹೇಳಿರಲಿಲ್ಲ. ಆದರೂ ಪತ್ರಿಕೆ ಓದುವಾಗ ಎಲ್ಲರೂ ಹವಾಮಾನದ ಬಗ್ಗೆ ಮಾತಾಡಲು ಶುರು ಮಾಡಿದ್ದರು. ಹೆದರಿಕೆ ಹೇಗೆ ಬರುತ್ತದೆ ಅಂತ ನನಗೆ ಸ್ವಲ್ಪ ಗೊತ್ತು.

ಒಂದು ಸೇರಿಸುತ್ತೇನೆ. ಟರ್ಕಿಗೆ ಇದು ಹೊಸದಲ್ಲ. 1980ರಲ್ಲಿ ಸೈನ್ಯ ಅಧಿಕಾರ ಹಿಡಿಯಿತು. ಮಿಲಿಟರಿ ಕಾಯ್ದೆ 1402ರ ಹೆಸರಲ್ಲಿ ಎಷ್ಟೋ ಪ್ರಾಧ್ಯಾಪಕರನ್ನು ಮನೆಗೆ ಕಳಿಸಿದರು. ಜನ ಅವರನ್ನು ‘1402ರವರು’ ಅಂತಲೇ ಕರೆಯುತ್ತಿದ್ದರು. ವಿಶ್ವವಿದ್ಯಾಲಯಗಳನ್ನೆಲ್ಲ ಒಂದೇ ಕೈಯಲ್ಲಿ ಹಿಡಿಯುವ ಉನ್ನತ ಶಿಕ್ಷಣ ಮಂಡಳಿ, ಅವರ ಬಾಯಲ್ಲಿ ‘ಯೋಕ್’, ಹುಟ್ಟಿದ್ದೂ ಆಗಲೇ, 1981ರಲ್ಲಿ. ಸೈನ್ಯ ಬ್ಯಾರಕ್ಕಿಗೆ ಹೋಯಿತು, ಯೋಕ್ ಉಳಿಯಿತು. 2016ರ ಜುಲೈ 19ರಂದು ದೇಶದ 1577 ಡೀನ್‌ಗಳೂ ರಾಜೀನಾಮೆ ಕೊಡಿ ಅಂತ ಹೇಳಿದ್ದು ಇದೇ ಮಂಡಳಿ. ಒಂದೇ ದಿನ, ಎಲ್ಲರಿಗೂ.

ಯಾರೋ ಒಬ್ಬ ಆಳುವವನು ಕೆಟ್ಟವನು ಅನ್ನುವುದಕ್ಕಿಂತ, ಹಿಂದಿನವರು ಕಟ್ಟಿಟ್ಟ ಯಂತ್ರ ಸಿದ್ಧವಾಗಿತ್ತು ಅನ್ನುವುದು ನನಗೆ ಮುಖ್ಯ ಅನ್ನಿಸುತ್ತದೆ.

ನೇರಮಾತು:

ನಾನು ಸ್ವಲ್ಪ ಬೇರೆ ಮಾತಾಡುತ್ತೇನೆ, ಬೇಜಾರು ಮಾಡ್ಕೋಬೇಡಿ. ಆ ಹೇಳಿಕೆ ಓದಿದ್ದೇನೆ. ಸರ್ಕಾರವನ್ನು ಖಂಡಿಸುತ್ತದೆ. ಪಿಕೆಕೆ ಅನ್ನುವ ಕುರ್ದ್ ಸಶಸ್ತ್ರ ಸಂಘಟನೆಯ ಬಗ್ಗೆ ಒಂದು ಮಾತಿಲ್ಲ. ಬೀದಿಗಳಲ್ಲಿ ಕಂದಕ ತೋಡಿ, ಬ್ಯಾರಿಕೇಡ್ ಕಟ್ಟಿ, ಪೊಲೀಸರ ಮೇಲೆ ಗುಂಡು ಹಾರಿಸಿದವರ ಬಗ್ಗೆ ಯಾಕೆ ಸುಮ್ಮನಿದ್ದರು? ಓದಿದವರು ಎರಡೂ ಕಡೆ ನೋಡಬೇಕಲ್ವಾ? ದೇಶದಲ್ಲಿ ಬಾಂಬ್ ಸಿಡಿಯುವಾಗ ಸರ್ಕಾರಕ್ಕೆ ಕೋಪ ಬರುವುದು ಸಹಜ.

ಕಡಲತಡಿ:

ಬೇಜಾರೇನಿಲ್ಲ. ಈ ಪ್ರಶ್ನೆ ಟರ್ಕಿಯ ಒಳಗೂ ಜೋರಾಗಿ ಎದ್ದಿತ್ತು. ಹೇಳಿಕೆಯಲ್ಲಿ ಸುರ್, ಸಿಲ್ವಾನ್, ನುಸಾಯ್ಬಿನ್, ಜಿಜ್ರೆ, ಸಿಲೋಪಿ ಅಂತ ಊರುಗಳ ಹೆಸರಿವೆ. ಅಲ್ಲಿನ ಜನ ದಿನಗಟ್ಟಲೆ ಮನೆಯಿಂದ ಹೊರಬರುವ ಹಾಗಿರಲಿಲ್ಲ. ಸಹಿ ಹಾಕಿದವರ ವಾದ ಏನೆಂದರೆ, ನಾವು ಈ ದೇಶದ ಪ್ರಜೆಗಳು, ನಮ್ಮ ಹೆಸರಲ್ಲಿ ಕೆಲಸ ಮಾಡುವುದು ನಮ್ಮ ಸರ್ಕಾರ, ಪ್ರಶ್ನೆ ಕೇಳುವುದೂ ಅದನ್ನೇ. ಒಪ್ಪಬಹುದು, ಬಿಡಬಹುದು. ಉತ್ತರವಾಗಿ ಇನ್ನೊಂದು ಹೇಳಿಕೆ ಬರೆಯಬಹುದು. ಸಂಬಳ ನಿಲ್ಲಿಸುವುದು ಉತ್ತರ ಹೇಗಾಗುತ್ತದೆ?

ಕಪ್ಪುಕೋಟು:

ವಕೀಲಿ ಮಾಡುವವನು, ಹಾಗಾಗಿ ಕೋರ್ಟಿನ ಭಾಗ ನಾನು ಹೇಳುತ್ತೇನೆ. ನೇರಮಾತು ಅವರ ಪ್ರಶ್ನೆಗೂ ಅಲ್ಲೇ ಉತ್ತರ ಇದೆ.

2017ರ ಡಿಸೆಂಬರ್ 5ರಿಂದ ಇಸ್ತಾಂಬುಲ್‌ನ ಚಾಗ್ಲಾಯಾನ್ ನ್ಯಾಯಾಲಯದಲ್ಲಿ ವಿಚಾರಣೆ ಶುರುವಾಯಿತು. ಆರೋಪ, ಭಯೋತ್ಪಾದಕ ಸಂಘಟನೆಯ ಪ್ರಚಾರ. ಎಲ್ಲರೂ ಸಹಿ ಹಾಕಿದ್ದು ಒಂದೇ ಕಾಗದಕ್ಕೆ, ಆರೋಪಪಟ್ಟಿಯೂ ಹೆಚ್ಚುಕಮ್ಮಿ ಒಂದೇ. ಆದರೆ ಮೊಕದ್ದಮೆ ಮಾತ್ರ ಒಬ್ಬೊಬ್ಬರಿಗೆ ಬೇರೆಬೇರೆ. 822 ಜನ ಕಟಕಟೆ ಹತ್ತಿದರು. ಒಟ್ಟಿಗೆ ನಿಂತವರನ್ನು ಒಂಟಿ ಮಾಡುವ ಕೆಲಸ ಅದು. ಆದರೆ ಆರೋಪಿಗಳು ಒಂದು ಕೆಲಸ ಮಾಡಿದರು. ಒಬ್ಬೊಬ್ಬರೂ ತಮ್ಮ ವಿಷಯದಿಂದಲೇ ಹೇಳಿಕೆ ಕೊಟ್ಟರು. ಚರಿತ್ರೆಯವರು ಚರಿತ್ರೆ ಹೇಳಿದರು, ವೈದ್ಯರು ಗಾಯದ ಬಗ್ಗೆ ಹೇಳಿದರು. ಮಿಕ್ಕವರು ಹಿಂದಿನ ಬೆಂಚಿನಲ್ಲಿ ಕೂತು ಕೇಳಿದರು.

ಸಾಮಾನ್ಯ ಶಿಕ್ಷೆ 15 ತಿಂಗಳು. ಇಲ್ಲಿ ಒಂದು ಸಣ್ಣ ಬಾಗಿಲು ತೆರೆದಿಟ್ಟಿದ್ದರು, ಅದನ್ನು ಗಮನಿಸಬೇಕು. ಎರಡು ವರ್ಷದವರೆಗಿನ ಶಿಕ್ಷೆಯಾದರೆ ನ್ಯಾಯಾಧೀಶರು ಆಗ ಕೇಳುತ್ತಿದ್ದರು: ತೀರ್ಪಿನ ಘೋಷಣೆ ಮುಂದೂಡಲು ಒಪ್ಪುತ್ತೀರಾ? ಒಪ್ಪಿದರೆ ಜೈಲಿಲ್ಲ. ಐದು ವರ್ಷ ಯಾವ ತಪ್ಪೂ ಮಾಡದೆ ಇದ್ದರೆ ಕೇಸು ಬಿದ್ದುಹೋಗುತ್ತಿತ್ತು. ಆದರೆ ಮಾಮೂಲಿ ಮೇಲ್ಮನವಿಯ ದಾರಿ ಇರಲಿಲ್ಲ. ಐದು ವರ್ಷ ಪ್ರತಿ ವಾಕ್ಯ ಬರೆಯುವಾಗಲೂ ಆ ಕತ್ತಿ ನೆತ್ತಿಯ ಮೇಲೆ ಇರುತ್ತಿತ್ತು. ಬೇಡ ಅಂದರೆ ಮೇಲ್ಮನವಿ ಹೋಗಬಹುದಿತ್ತು, ಸೋತರೆ ಜೈಲು.

ಬಹಳ ಜನ ಒಪ್ಪಿಕೊಂಡರು. ಅವರನ್ನು ಹಳಿಯಲು ನನಗೆ ಬಾಯಿ ಬರುವುದಿಲ್ಲ. ಮನೆಯಲ್ಲಿ ಮಕ್ಕಳು, ವಯಸ್ಸಾದ ತಾಯಿ ಇರುತ್ತಾರೆ. ಕೆಲವರು ಒಪ್ಪಲಿಲ್ಲ. ಅವರಲ್ಲಿ ಫ್ಯೂಸುನ್ ಉಸ್ತೆಲ್ ಒಬ್ಬರು. ಗಲತಾಸರಾಯ್ ವಿಶ್ವವಿದ್ಯಾಲಯದಿಂದ ನಿವೃತ್ತರಾದ ಪ್ರಾಧ್ಯಾಪಕಿ, ಪೌರತ್ವದ ಇತಿಹಾಸದ ಮೇಲೆ ಕೆಲಸ ಮಾಡಿದವರು. ಮೇಲ್ಮನವಿ ಸೋತಿತು. 2019ರ ಮೇ 8ರಂದು ಅವರು ಜೈಲಿಗೆ ಹೋದರು, ಜುಲೈನಲ್ಲಿ ಹೊರಬಂದರು.

ಜುಲೈ 26ರಂದು ಸಾಂವಿಧಾನಿಕ ನ್ಯಾಯಾಲಯದ ತೀರ್ಪು ಬಂತು, ಅವರದೇ ಹೆಸರಿನ ಅರ್ಜಿಯ ಮೇಲೆ. 16 ನ್ಯಾಯಾಧೀಶರು. ಎಂಟು ಜನ ಈ ಕಡೆ, ಎಂಟು ಜನ ಆ ಕಡೆ. ಮುಖ್ಯಸ್ಥರ ಮತ ಯಾವ ಕಡೆಯೋ ತೀರ್ಪು ಆ ಕಡೆ. ಮುಖ್ಯಸ್ಥ ಜುಹ್ತು ಅರ್ಸ್ಲಾನ್ ಪ್ರಾಧ್ಯಾಪಕರ ಕಡೆ ನಿಂತರು. ನೇರಮಾತು ಅವರೇ, ಇದನ್ನು ನೋಡಿ: ಹೇಳಿಕೆ ಏಕಪಕ್ಷೀಯ, ಉತ್ಪ್ರೇಕ್ಷೆ ಇದೆ ಅಂತ ಕೋರ್ಟೂ ಹೇಳಿತು. ಹಾಗಿದ್ದರೂ ಶಿಕ್ಷೆ ಕೊಟ್ಟದ್ದು ಅಭಿಪ್ರಾಯ ಸ್ವಾತಂತ್ರ್ಯದ ಉಲ್ಲಂಘನೆ ಅಂತ ತೀರ್ಮಾನಿಸಿತು. ಮರುವಿಚಾರಣೆ ಆಗಲಿ, ಅರ್ಜಿದಾರರಿಗೆ ತಲಾ 9000 ಲಿರಾ ಪರಿಹಾರ ಕೊಡಿ ಅಂತ ಆದೇಶವಾಯಿತು. ಆಮೇಲೆ ಸಾಲಾಗಿ ಖುಲಾಸೆಗಳು ಬಂದವು.

ಇನ್ನೊಂದು ಮಾತು. ರಕ್ತದಲ್ಲಿ ಸ್ನಾನ ಮಾಡುತ್ತೇನೆ ಅಂದ ಆ ಪೆಕೆರ್ ಇದಕ್ಕೆ ಒಂದು ವರ್ಷ ಮೊದಲೇ, 2018ರಲ್ಲಿ, ಖುಲಾಸೆ ಆಗಿದ್ದ.

ಹೊಸಓದುಗ:

ಪೆಕೆರ್ ವಿಷಯ ಓದಿ ತಲೆ ಬಿಸಿ ಆಯ್ತು ಸರ್. ನಾನು ಎಂ.ಎ. ಓದುತ್ತಿದ್ದೇನೆ. ಒಂದು ಪ್ರಶ್ನೆ. ಖುಲಾಸೆ ಆದ ಮೇಲೆ ಕೆಲಸ ವಾಪಸ್ ಸಿಕ್ಕಿರಬೇಕಲ್ವಾ?

ಬರ್ಲಿನ್‌ಕನ್ನಡತಿ:

ಇಲ್ಲ ತಮ್ಮಾ, ಅಲ್ಲೇ ಇರುವುದು ತೊಡಕು. ಶಿಕ್ಷೆ ಕೊಟ್ಟದ್ದು ಕೋರ್ಟು, ಕೆಲಸ ತೆಗೆದದ್ದು ಸುಗ್ರೀವಾಜ್ಞೆ. ಅದು ಬೇರೆ, ಇದು ಬೇರೆ. ಕೋರ್ಟು ನೀನು ನಿರಪರಾಧಿ ಅಂದರೂ ಸುಗ್ರೀವಾಜ್ಞೆ ಹಾಗೇ ಇರುತ್ತದೆ.

ನಾನು ಇಲ್ಲಿ ಸಂಶೋಧನೆ ಮಾಡುತ್ತೇನೆ. ಟರ್ಕಿಯಿಂದ ಬಂದ ಸಹೋದ್ಯೋಗಿಗಳು ಇದ್ದಾರೆ, ಅವರ ವಿವರ ಬೇಡ. ಅವರ ಬಾಯಿಂದ ಕೇಳಿದ ಮೇಲೆಯೇ ‘36’ ಅನ್ನುವ ಸಂಖ್ಯೆಯ ಬಗ್ಗೆ ತಿಳಿದುಕೊಂಡೆ. ಟರ್ಕಿಯ ಸಾಮಾಜಿಕ ಭದ್ರತಾ ದಾಖಲೆಯಲ್ಲಿ, ನಮ್ಮ ಪಿಎಫ್ ದಾಖಲೆ ಇದ್ದ ಹಾಗೆ, ಕೆಲಸ ಬಿಟ್ಟ ಕಾರಣಕ್ಕೆ ಒಂದೊಂದು ಸಂಕೇತ ಇರುತ್ತದೆ. ಸುಗ್ರೀವಾಜ್ಞೆಯಲ್ಲಿ ಕೆಲಸ ಹೋದವರದ್ದು 36. ಖಾಸಗಿ ಕಂಪನಿಗೆ ಅರ್ಜಿ ಹಾಕಿದರೂ ಅವರಿಗೆ ಅದು ಕಾಣುತ್ತದೆ. ಬೇಡ ಅಂತ ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಆಮೇಲೆ ತಿಳಿಸುತ್ತೇವೆ ಅನ್ನುತ್ತಾರೆ. ಫೋನ್ ಬರುವುದಿಲ್ಲ. ವರ್ಷಗಟ್ಟಲೆ ಪಾಸ್‌ಪೋರ್ಟ್ ಇರಲಿಲ್ಲ, ಹಾಗಾಗಿ ಹೊರದೇಶದಲ್ಲಿ ಕೆಲಸ ಸಿಕ್ಕರೂ ಹೋಗುವಂತಿರಲಿಲ್ಲ. ಒಳಗೆ ಕೆಲಸ ಮಾಡಲು ಬಿಡಲಿಲ್ಲ, ಹೊರಗೆ ಹೋಗಲೂ ಬಿಡಲಿಲ್ಲ. ಕಡಲತಡಿಯವರು ಹೇಳಿದ ಕಾಗದದ ಏಟು ಇದೇ.

ಅದಾನಾದ ಚುಕುರೋವಾ ವಿಶ್ವವಿದ್ಯಾಲಯದಲ್ಲಿ ಮೆಹ್ಮೆತ್ ಫಾತಿಹ್ ತ್ರಾಶ್ ಅಂತ ಒಬ್ಬ ಯುವ ಸಂಶೋಧಕ ಇದ್ದರು. ಸಹಿ ಹಾಕಿದ್ದರು. ಕೆಲಸ ಹೋಯಿತು, ಬೇರೆ ಕಡೆ ಹಾಕಿದ ಅರ್ಜಿಗಳೂ ಕೈಗೂಡಲಿಲ್ಲ. 2017ರ ಫೆಬ್ರುವರಿಯಲ್ಲಿ ಅವರು ಪ್ರಾಣ ಕಳೆದುಕೊಂಡರು. ಇದನ್ನು ಬರೆಯದೆ ಮುಂದೆ ಹೋಗಲು ಮನಸ್ಸಾಗಲಿಲ್ಲ.

ಇನ್ನು ಜರ್ಮನಿಯ ಕತೆ. 1933ರಲ್ಲಿ ಹಿಟ್ಲರ್ ಬಂದಾಗ ಯಹೂದಿ ಪ್ರಾಧ್ಯಾಪಕರ ಕೆಲಸ ಹೋಯಿತು. ಫಿಲಿಪ್ ಶ್ವಾರ್ಟ್ಸ್ ಎಂಬ ರೋಗಶಾಸ್ತ್ರಜ್ಞ ಜ್ಯೂರಿಕ್‌ಗೆ ಓಡಿಹೋಗಿ, ಅಂಥವರಿಗೆ ಕೆಲಸ ಹುಡುಕಿಕೊಡುವ ಸಂಘ ಕಟ್ಟಿದರು. ಬಾಗಿಲು ತೆರೆದ ದೇಶ ಯಾವುದು ಗೊತ್ತಾ? ಟರ್ಕಿ. ಇಸ್ತಾಂಬುಲ್ ವಿಶ್ವವಿದ್ಯಾಲಯವನ್ನು ಹೊಸದಾಗಿ ಕಟ್ಟುತ್ತಿದ್ದ ಕಾಲ ಅದು. ಗಣಿತದ ರಿಚರ್ಡ್ ಫಾನ್ ಮೀಸಸ್, ಸಾಹಿತ್ಯದ ಎರಿಕ್ ಔಅರ್‌ಬಾಖ್ ಎಲ್ಲ ಅಲ್ಲಿ ಪಾಠ ಮಾಡಿದರು. ಮುಂದೆ ಬರ್ಲಿನ್‌ನ ಮೇಯರ್ ಆದ ಎರ್ನ್ಸ್ಟ್ ರಾಯ್ಟರ್ ಅಂಕಾರಾದಲ್ಲಿ ಮೇಷ್ಟ್ರಾಗಿದ್ದರು. ಈಗ ಜರ್ಮನಿಯ ಹುಂಬೋಲ್ಟ್ ಪ್ರತಿಷ್ಠಾನ ಅಪಾಯದಲ್ಲಿರುವ ವಿದ್ವಾಂಸರಿಗೆ ಕೊಡುವ ನೆರವಿಗೆ ಅದೇ ಫಿಲಿಪ್ ಶ್ವಾರ್ಟ್ಸ್ ಹೆಸರಿದೆ. ಆ ನೆರವು ಪಡೆದು ಟರ್ಕಿಯಿಂದ ಇಲ್ಲಿಗೆ ಬಂದವರು ತುಂಬಾ ಜನ.

ಹಳೇಮೇಷ್ಟ್ರು:

ಇದು ಗೊತ್ತಿರಲಿಲ್ಲ ತಾಯಿ. ಎರಡು ಸಲ ಓದಿದೆ.

ನೇರಮಾತು:

ಕಪ್ಪುಕೋಟು ಸರ್, ಕೋರ್ಟಿನ ತೀರ್ಪು ಇಷ್ಟು ವಿವರವಾಗಿ ತಿಳಿದಿರಲಿಲ್ಲ. ಹೇಳಿಕೆ ಏಕಪಕ್ಷೀಯ ಅನ್ನುವ ನನ್ನ ಅಭಿಪ್ರಾಯ ಬದಲಾಗಿಲ್ಲ. ಆದರೆ ಅದಕ್ಕೆ 36 ಅನ್ನುವ ಮುದ್ರೆ ಒತ್ತುವುದು ಸರಿಯಲ್ಲ ಅನ್ನುವುದನ್ನು ಒಪ್ಪುತ್ತೇನೆ. ಇನ್ನೊಂದು ಕೇಳಬೇಕು. ಒಂದು ವಿಶ್ವವಿದ್ಯಾಲಯದಲ್ಲಿ ಸಾವಿರ ಜನ ಮೇಷ್ಟ್ರು ಇದ್ದರೆ ಸಹಿ ಹಾಕಿದವರು ಇಪ್ಪತ್ತು ಜನ ಇರಬಹುದು. ಉಳಿದವರು ಏನು ಮಾಡುತ್ತಿದ್ದರು?

ಕಡಲತಡಿ:

ಇದು ಎಲ್ಲಕ್ಕಿಂತ ಕಷ್ಟದ ಪ್ರಶ್ನೆ. ಯೋಕ್ ಜನವರಿ 12ರಂದೇ ಅಗತ್ಯ ಕ್ರಮ ಕೈಗೊಳ್ಳುತ್ತೇವೆ ಅಂತ ಪ್ರಕಟಿಸಿತು. ತಕ್ಷಣ ವಿಶ್ವವಿದ್ಯಾಲಯಗಳಲ್ಲಿ ಶಿಸ್ತು ವಿಚಾರಣೆಗಳು ಶುರುವಾದವು. ಆ ಸಮಿತಿಗಳಲ್ಲಿ ಕೂತವರು ಪೊಲೀಸರಲ್ಲ, ಪಕ್ಕದ ಕೋಣೆಯ ಪ್ರಾಧ್ಯಾಪಕರು. ಕೆಲವು ಕುಲಪತಿಗಳು ಮೇಲಿನಿಂದ ಕೇಳುವ ಮೊದಲೇ ಹೆಸರು ಕಳಿಸಿದರು ಅಂತ ಕೆಲಸ ಕಳೆದುಕೊಂಡವರು ಹೇಳುತ್ತಾರೆ. ಕೆಲವು ವಿಶ್ವವಿದ್ಯಾಲಯಗಳು ತಮ್ಮವರನ್ನು ಬಿಟ್ಟುಕೊಡಲಿಲ್ಲ, ಅಲ್ಲಿ ಸಹಿ ಹಾಕಿದವರ ಕೆಲಸವೂ ಉಳಿಯಿತು. ಅಂದರೆ ಕುಲಪತಿಯ ಕುರ್ಚಿಯಲ್ಲಿ ಯಾರಿದ್ದಾರೆ ಅನ್ನುವುದರ ಮೇಲೆ ನಿಂತಿತ್ತು. ಅದಕ್ಕೇ ಇರಬೇಕು, 2016ರ ಅಕ್ಟೋಬರ್‌ನಲ್ಲಿ ಕುಲಪತಿ ಆಯ್ಕೆಗೆ ಇದ್ದ ಚುನಾವಣೆಯನ್ನೇ ತೆಗೆದುಹಾಕಿದರು. ನೇಮಕ ನೇರವಾಗಿ ಅಧ್ಯಕ್ಷರ ಕೈಗೆ ಹೋಯಿತು.

2017ರ ಫೆಬ್ರುವರಿ 7ರ ಪಟ್ಟಿಯಲ್ಲಿ 330 ಪ್ರಾಧ್ಯಾಪಕರ ಹೆಸರಿತ್ತು. ಅದರಲ್ಲಿ ಇಬ್ರಾಹಿಂ ಕಾಬೊಲು ಇದ್ದರು, ಮರ್ಮರಾ ವಿಶ್ವವಿದ್ಯಾಲಯದ ಸಂವಿಧಾನ ಕಾನೂನಿನ ಪ್ರೊಫೆಸರ್. ಸಂವಿಧಾನ ಬದಲಿಸಿ ಅಧ್ಯಕ್ಷರಿಗೆ ಪೂರ್ಣ ಅಧಿಕಾರ ಕೊಡುವ ಜನಮತಗಣನೆ ಏಪ್ರಿಲ್ 16ಕ್ಕೆ ಇತ್ತು. ಅದರ ಬಗ್ಗೆ ಜನಕ್ಕೆ ತಿಳಿಹೇಳಬಲ್ಲ ಮನುಷ್ಯನನ್ನು ಎರಡು ತಿಂಗಳ ಮೊದಲು ತರಗತಿಯಿಂದ ಹೊರಹಾಕಿದರು.

ಮೂರು ದಿನ ಬಿಟ್ಟು, ಫೆಬ್ರುವರಿ 10ರಂದು, ಅಂಕಾರಾ ವಿಶ್ವವಿದ್ಯಾಲಯದ ಜೆಬೆಜಿ ಆವರಣದ ಮುಂದೆ ಕೆಲಸ ಕಳೆದುಕೊಂಡವರು ಸೇರಿದರು. ಒಳಗೆ ಬಿಡಲಿಲ್ಲ. ಅವರು ತಮ್ಮ ಕಪ್ಪು ಗೌನುಗಳನ್ನು ತೆಗೆದು ಗೇಟಿನ ಮುಂದೆ ನೆಲಕ್ಕೆ ಹಾಸಿದರು. ಪೊಲೀಸರು ಬೂಟುಗಾಲಲ್ಲಿ ಅವುಗಳನ್ನು ತುಳಿದುಕೊಂಡೇ ನುಗ್ಗಿದರು, ಅಶ್ರುವಾಯು ಬಿಟ್ಟರು. ಆ ಫೋಟೋ ನೀವೂ ನೋಡಿರಬಹುದು. ಆ ದಿನ ವಿದ್ಯಾರ್ಥಿಗಳೂ ಮೇಷ್ಟ್ರ ಜೊತೆ ನಿಂತಿದ್ದರು.

ಹೊಸಓದುಗ:

ಹೊರಗೆ ಹಾಕಿದ ಮೇಲೆ ಅವರೆಲ್ಲ ಏನು ಮಾಡಿದರು? ಪಾಠ ಮಾಡುವುದು ಬಿಟ್ಟರಾ?

ಬರ್ಲಿನ್‌ಕನ್ನಡತಿ:

ಬಿಡಲಿಲ್ಲ. ಕೊಜಾಎಲಿಯಲ್ಲಿ 2016ರ ಸೆಪ್ಟೆಂಬರ್ 1ರ ಪಟ್ಟಿಯಲ್ಲಿ ಕೆಲಸ ಹೋಯಿತು, ಅದೇ ತಿಂಗಳ ಕೊನೆಗೆ ‘ಐಕಮತ್ಯ ಅಕಾಡೆಮಿ’ ಅಂತ ಶುರು ಮಾಡಿ ಪಾಠ ಹೇಳಿದರು. ಅಂಕಾರಾದಲ್ಲಿ ಪಾರ್ಕಿನಲ್ಲಿ, ಬೀದಿಯಲ್ಲಿ ತರಗತಿ ನಡೆಸಿದರು. ಮೆರ್ಸಿನ್ ಊರಿನಲ್ಲಿ ಕೆಲವರು ಸೇರಿ ‘ಕುಲ್ತುರ್‌ಹಾನೆ’ ಅಂತ ಗ್ರಂಥಾಲಯವೂ ಕಾಫಿ ಅಂಗಡಿಯೂ ಆಗಿದ್ದ ಒಂದು ಜಾಗ ತೆರೆದರು. ತಮ್ಮ ಮನೆಯ ಪುಸ್ತಕಗಳನ್ನೇ ತಂದಿಟ್ಟರು. ಮಕ್ಕಳು ಅಲ್ಲಿ ಕೂತು ಪರೀಕ್ಷೆಗೆ ಓದುತ್ತಿದ್ದರು. ಪ್ರೊಫೆಸರ್‌ಗಳೇ ಕಾಫಿ ಕೊಡುತ್ತಿದ್ದರು, ಸಂಜೆ ಉಪನ್ಯಾಸ ಮಾಡುತ್ತಿದ್ದರು. ಇಲ್ಲಿ ಬರ್ಲಿನ್‌ನಲ್ಲಿ 2017ರಲ್ಲಿ ‘ಆಫ್ ಯೂನಿವರ್ಸಿಟಿ’ ಹುಟ್ಟಿತು. ದೇಶ ಬಿಡಲಾಗದವರೂ ಆನ್‌ಲೈನ್‌ನಲ್ಲಿ ಪಾಠ ಮಾಡುವ ವ್ಯವಸ್ಥೆ ಅದು.

ಹಾಗಂತ ಎಲ್ಲ ಸರಿಹೋಯಿತು ಅಂತ ತಿಳಿಯಬೇಡಿ. ಇವುಗಳಿಂದ ಹೊಟ್ಟೆ ತುಂಬುವುದಿಲ್ಲ. ಪ್ರಯೋಗಾಲಯ ಬೇಕಾದವರು, ಪಿಎಚ್‌.ಡಿ. ಅರ್ಧಕ್ಕೆ ನಿಂತವರು ಕೈಕಟ್ಟಿ ಕೂತರು. ಕಿರಿಯರಿಗೆ ಬಿದ್ದ ಪೆಟ್ಟು ಹಿರಿಯರಿಗಿಂತ ಜಾಸ್ತಿ.

ಕಪ್ಪುಕೋಟು:

ಹೊಸಓದುಗ ಅವರ ಮೊದಲ ಪ್ರಶ್ನೆಗೆ ಅಂಕಿ ಕೊಡುತ್ತೇನೆ. ಸುಗ್ರೀವಾಜ್ಞೆಯಲ್ಲಿ ಕೆಲಸ ಹೋದವರ ಅಹವಾಲು ಕೇಳಲು 2017ರಲ್ಲಿ ಒಂದು ಆಯೋಗ ಮಾಡಿದರು. ಅಲ್ಲಿಗೆ ಹೋಗದೆ ಕೋರ್ಟಿಗೆ ಹೋಗುವಂತಿರಲಿಲ್ಲ. ಪೊಲೀಸರು, ಶಾಲಾ ಶಿಕ್ಷಕರು, ಗುಮಾಸ್ತರು ಎಲ್ಲ ಸೇರಿ ಸುಮಾರು 1 ಲಕ್ಷ 27 ಸಾವಿರ ಅರ್ಜಿ ಬಂದವು. ಮಂಜೂರಾದದ್ದು 18 ಸಾವಿರದ ಆಸುಪಾಸು. ಆಯೋಗ ಕೆಲಸ ಮುಗಿಸಿದ್ದು 2023ರ ಜನವರಿಯಲ್ಲಿ. ಅಲ್ಲಿ ಸೋತವರು ಆಡಳಿತ ನ್ಯಾಯಾಲಯಕ್ಕೆ, ಅಲ್ಲಿಂದ ಮೇಲಿನ ಕೋರ್ಟಿಗೆ. ಒಂದೇ ಕಾಗದಕ್ಕೆ ಸಹಿ ಹಾಕಿದ, ಒಂದೇ ರೀತಿ ಖುಲಾಸೆಯಾದ ಇಬ್ಬರಲ್ಲಿ ಒಬ್ಬರಿಗೆ ಕೆಲಸ ಸಿಗಲಿ ಅಂತ ತೀರ್ಪು, ಇನ್ನೊಬ್ಬರಿಗೆ ಬೇಡ ಅಂತ ತೀರ್ಪು. ವಕೀಲನಾಗಿ ಹೇಳುತ್ತೇನೆ, ವಿಳಂಬವೇ ಇಲ್ಲಿ ಶಿಕ್ಷೆ. ಐವತ್ತೈದು ವಯಸ್ಸಿನವರು ಏಳು ವರ್ಷ ಕಾದು ಗೆದ್ದರೆ ಪಾಠ ಮಾಡಲು ಎಷ್ಟು ವರ್ಷ ಉಳಿಯುತ್ತದೆ?

ನೇರಮಾತು:

ಮತ್ತೆ ಬೊಆಜಿಚಿ ಗಲಾಟೆ? ಅದೂ ಇದೇನಾ?

ಕಡಲತಡಿ:

ಅದರ ಮುಂದುವರಿಕೆ. ಚುನಾವಣೆ ತೆಗೆದ ಮೇಲೆ ಏನಾಗುತ್ತದೆ ಅನ್ನುವುದು ಅಲ್ಲಿ ಕಂಡಿತು. 2021ರ ಜನವರಿ 1ರಂದು ಬೊಆಜಿಚಿ ವಿಶ್ವವಿದ್ಯಾಲಯಕ್ಕೆ ಹೊರಗಿನಿಂದ ಮೆಲಿಹ್ ಬುಲು ಎಂಬುವರನ್ನು ಕುಲಪತಿ ಮಾಡಿದರು. ಅವರು ಆಳುವ ಪಕ್ಷದಿಂದ ಚುನಾವಣೆಗೆ ನಿಲ್ಲಲು ಟಿಕೆಟ್ ಕೇಳಿದ್ದವರು. ವಿದ್ಯಾರ್ಥಿಗಳು ಬೀದಿಗಿಳಿದರು. ಪೊಲೀಸರು ಕ್ಯಾಂಪಸ್ಸಿನ ಗೇಟಿಗೇ ಬೇಡಿ ಹಾಕಿ ಬೀಗ ಜಡಿದರು. ಪ್ರಾಧ್ಯಾಪಕರು ಮಧ್ಯಾಹ್ನ ಗೌನು ಹಾಕಿ ಬಂದು ಕುಲಪತಿ ಕಚೇರಿಗೆ ಬೆನ್ನು ತಿರುಗಿಸಿ ನಿಂತರು. ವಾರದ ಕೆಲಸದ ದಿನಗಳಲ್ಲೆಲ್ಲ ನಿಂತರು. ವರ್ಷಗಟ್ಟಲೆ ನಿಂತರು. ಬುಲು ಅವರನ್ನು ಅದೇ ಜುಲೈನಲ್ಲಿ ತೆಗೆದರು, ಆದರೆ ಆ ಜಾಗಕ್ಕೆ ಬಂದವರನ್ನೂ ನೇಮಿಸಿದ್ದು ಅಧ್ಯಕ್ಷರೇ. ಸಾಕ್ಷ್ಯಚಿತ್ರ ಪಾಠ ಮಾಡುತ್ತಿದ್ದ ಜಾನ್ ಜಂದಾನ್ ಅವರ ಕೆಲಸ ಹೋದದ್ದು ಆ ಜುಲೈನಲ್ಲೇ.

ಹಳೇಮೇಷ್ಟ್ರು:

ಬರ್ಲಿನ್‌ಕನ್ನಡತಿ ಅವರೇ, ದೂರದಲ್ಲಿ ಕೂತ ನಮ್ಮಂಥವರು ಏನು ಮಾಡಬಹುದು? ಸುಮ್ನೆ ಅಯ್ಯೋ ಪಾಪ ಅಂದು ಎದ್ದುಹೋಗಲು ಇಷ್ಟವಿಲ್ಲ.

ಬರ್ಲಿನ್‌ಕನ್ನಡತಿ:

ಮೇಷ್ಟ್ರೇ, ಇದನ್ನೇ ನಾನೂ ಒಬ್ಬರಲ್ಲಿ ಕೇಳಿದ್ದೆ. ಮೂರು ಮಾತು ಹೇಳಿದರು. ನಮ್ಮ ಬರಹ ಓದಿ, ನಿಮ್ಮ ಲೇಖನಗಳಲ್ಲಿ ನಮ್ಮ ಹೆಸರು ಹಾಕಿ, ಯಾಕೆಂದರೆ ಕೆಲಸ ಇಲ್ಲದವರನ್ನು ವಿದ್ವತ್ತಿನ ಲೋಕ ಬೇಗ ಮರೆಯುತ್ತದೆ. ಸೆಮಿನಾರ್‌ಗೆ ಆನ್‌ಲೈನ್‌ನಲ್ಲಿ ಕರೆಯಿರಿ, ಕರೆದಾಗ ನಮ್ಮ ಕಷ್ಟದ ಬಗ್ಗೆ ಮಾತ್ರ ಕೇಳಬೇಡಿ, ನಮ್ಮ ವಿಷಯದ ಬಗ್ಗೆ ಕೇಳಿ. ಮತ್ತೆ, ಹಿಂದಿನ ಸಂಸ್ಥೆಯಿಂದ ಪತ್ರ ತನ್ನಿ ಅಂತ ಕೇಳಬೇಡಿ, ಆ ಪತ್ರ ನಮಗೆ ಯಾವತ್ತೂ ಸಿಗುವುದಿಲ್ಲ.

ಹಳೇಮೇಷ್ಟ್ರು:

ನಮ್ಮ ಊರಿನ ಓದುಗರ ಬಳಗ ತಿಂಗಳಿಗೊಮ್ಮೆ ಆನ್‌ಲೈನ್‌ನಲ್ಲಿ ಸೇರುತ್ತದೆ. ಯಾರಾದರೂ ಇಂಗ್ಲಿಷಿನಲ್ಲಿ ಮಾತಾಡಲು ಒಪ್ಪಿದರೆ ಕನ್ನಡಕ್ಕೆ ಹೇಳುವ ಹೊಣೆ ನನ್ನದು. ವಿಷಯ ಅವರದೇ ಇರಲಿ, ಚರಿತ್ರೆಯೋ ಗಣಿತವೋ. ಕೇಳಿ ನೋಡುತ್ತೀರಾ?

ಬರ್ಲಿನ್‌ಕನ್ನಡತಿ:

ಖಂಡಿತ ಕೇಳುತ್ತೇನೆ. ದಿನ, ಸಮಯ ನಿಮಗೆ ಬೇರೆಯಾಗಿ ಬರೆಯುತ್ತೇನೆ. ಅವರ ಹೆಸರನ್ನು ಇಲ್ಲಿ ಮೊದಲೇ ಹಾಕುವುದು ಬೇಡ.